ಅಕ್ಕ ಮತ್ತೆ ನನ್ನನ್ನು ಬೈದ ದಿನ

ಮಾಘ ಮಾಸದ ಒಂದು ಸೋಮವಾರ ಬೆಳಿಗ್ಗೆ ನಮ್ಮ ಅಕ್ಕನಿಗೆ ಬಾಯಿ ತೆರೆಯಲು ಆಗಲಿಲ್ಲ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿ, ನಮ್ಮೂರು ಆಂಧ್ರದಲ್ಲಿ ಉಳಿದ ಮರುವರ್ಷದ ಮಾತಿದು. ಬಲದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಬಾವು ಎದ್ದಿತ್ತು. ಹಲ್ಲುಗಳ ನಡುವೆ ಒಂದು ಕಾಳು ಜೋಳ ತೂರುವಷ್ಟೂ ಸಂದಿ ಇರಲಿಲ್ಲ. ಮಾತಾಡಲು ಹೋದರೆ ಮೂಗಿನಿಂದ ಬರಿಯ ದನಿ ಬರುತ್ತಿತ್ತು.

ಭಕ್ತ ಬಂಧುಗಳೇ, ನಾನು ಎಮ್ಮಿಗನೂರಿನ ನೇಕಾರ. ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದ್ದೇನೆ. ಹೆಸರು ಈರಣ್ಣ, ಆದೋನಿ ಕಡೆಯ ಉರುಕುಂದದ ಗುಡಿಯ ಸ್ವಾಮಿಯ ಹೆಸರೇ. ನಾನು ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅಕ್ಕ ಗಂಗಮ್ಮ ನನ್ನನ್ನು ಸಾಕಿದಳು. ನಾನು ಮಗ್ಗದ ಗುಂಡಿಯಲ್ಲಿ ಕೂತು ನೇಯುತ್ತೇನೆ. ಆಕೆ ಪಕ್ಕದಲ್ಲಿ ರಾಟಿ ಹಾಕಿಕೊಂಡು, ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಾಳೆ. ರಾಟಿ ತಿರುಗಿದಷ್ಟು ಹೊತ್ತೂ ಆಕೆಯ ಬಾಯಿಯೂ ತಿರುಗುತ್ತಿತ್ತು. ನೂಲು ಹರಿದರೆ ಬೈಗುಳ, ಊಟಕ್ಕೆ ತಡವಾದರೆ ಬೈಗುಳ, ನಾನು ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದೀ ಎಂದು ಬೈಗುಳ. ಅದಕ್ಕೆ ನನ್ನ ಕಿವಿ ಒಗ್ಗಿಹೋಗಿತ್ತು.

ಆದರೆ ಆ ವರ್ಷ ದಸರೆ ಕಳೆದ ಮೇಲೆ ಆಕೆಯ ಮಾತು ಮೊದಲಿನಂತಿರಲಿಲ್ಲ, ಮುಳ್ಳಿನಂತಾಗಿತ್ತು. ಒಂದು ದಿನ ನೇಕಾರರ ಸೊಸೈಟಿಯಲ್ಲಿ ನಾನು ನೇಯ್ದ ಸೀರೆಯನ್ನು ಅಂಚು ಸೊಟ್ಟಗಿದೆ ಎಂದು ತಿರುಗಿಸಿ ಕೊಟ್ಟರು. ಅಕ್ಕ ಅಲ್ಲೇ ಬಾಗಿಲಲ್ಲಿ, ಹತ್ತು ಮಂದಿಯ ಎದುರಿಗೆ ಕೂಗಿದಳು: “ಕಣ್ಣು ಎಲ್ಲಿ ಇಟ್ಟಿದ್ದೆಲೇ ಮೂಳಾ? ಈ ಸೀರಿ ಉಟ್ಟಾಕಿ ನಿನ್ನ ಹೆಸರು ಹೇಳಿ ಉಗುಳ್ತಾಳ!”

ಜೊತೆಯ ನೇಕಾರನೊಬ್ಬ ನಕ್ಕ. “ಏನಪಾ ಈರಣ್ಣ, ನಿಮ್ಮ ಮನ್ಯಾಗ ಎರಡು ಮಗ್ಗ ಅದಾವಂತಲ್ಲ? ಒಂದು ನಿಂದು, ಇನ್ನೊಂದು ನಿಮ್ಮಕ್ಕನ ನಾಲಿಗಿ!”

ಎಲ್ಲರೂ ನಕ್ಕರು. ಆ ನಗು ನನ್ನ ಎದೆಯಲ್ಲಿ ಉಳಿಯಿತು. ಮುಂದಿನ ವಾರ ಉರುಕುಂದಕ್ಕೆ ಹೋದವನು ಸ್ವಾಮಿಯ ಮುಂದೆ ಕೈಮುಗಿದು ಹೀಗೆ ಬೇಡಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ. “ತಂದೀ, ನಮ್ಮಕ್ಕ ಒಂದು ತಿಂಗಳು ಮಾತಾಡದಂಗ ಮಾಡಪಾ” ಎಂದೆ. ಕಾಯಿ ಒಡೆಸಿ, ಪ್ರಸಾದ ಕಟ್ಟಿಸಿಕೊಂಡು ಮನೆಗೆ ಬಂದೆ. ಆ ಪ್ರಸಾದವನ್ನು ಅಕ್ಕನೇ ಕಣ್ಣಿಗೊತ್ತಿಕೊಂಡು ತಿಂದಳು. ಎಡಗಡೆಯ ದವಡೆಯಲ್ಲಿ, ಮೆಲ್ಲಗೆ ತಿಂದಳು. ಅದನ್ನು ನಾನು ನೋಡಿದ್ದೆ, ಆದರೆ ಯಾಕೆಂದು ಕೇಳಲಿಲ್ಲ.

ಒಂಬತ್ತನೆಯ ದಿನ ಆಕೆಯ ದವಡೆ ಬಿಗಿಯಿತು.

ಊರಿನ ಸರ್ಕಾರಿ ದವಾಖಾನೆಗೆ ಕರೆದೊಯ್ದೆ. ಅಲ್ಲಿನ ಕಂಪೌಂಡರು ಬಾವನ್ನು ಬೆರಳಿನಿಂದ ಮುಟ್ಟಿದ ಕೂಡಲೇ ಅವರ ಮುಖ ಸಣ್ಣದಾಯಿತು. “ಕೊನೀ ಹಲ್ಲು ಕೊಳತು ಕೀವು ಕೆಳಗ ಇಳಿದೈತಿ. ನಮ್ಮ ಹತ್ರ ಇದಕ್ಕ ಏನೂ ಇಲ್ಲ. ಗುರುವಾರ ಆದೋನಿ ಆಸ್ಪತ್ರೀಗೆ ಹಲ್ಲಿನ ಡಾಕ್ಟರು ಬರ್ತಾರ. ತಿಂಗಳಿಗೆ ಒಂದ ದಿನ ಬರೋದು. ಅದನ್ನ ತಪ್ಪಿಸಬ್ಯಾಡ ನೋಡು” ಎಂದು ಚೀಟಿ ಬರೆದುಕೊಟ್ಟರು.

ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಆದರೆ ನನ್ನ ತಲೆಯಲ್ಲಿ ಹಲ್ಲಿನ ವಿಚಾರ ಇರಲೇ ಇಲ್ಲ. ನಾನು ಬೇಡಿದ್ದು ಆಗಿದೆ, ಸ್ವಾಮಿ ನನ್ನ ಮಾತು ನಡೆಸಿಕೊಟ್ಟಿದ್ದಾನೆ, ಕೊಟ್ಟವನೇ ಅದನ್ನು ಹಿಂತೆಗೆದುಕೊಳ್ಳಬೇಕು, ಡಾಕ್ಟರ ಕೈಯಲ್ಲಿ ಏನಿದೆ? ಹೀಗೆ ತಿಳಿದು ಮಂಗಳವಾರ ಅಕ್ಕನನ್ನು ಆದೋನಿಗಲ್ಲ, ಉರುಕುಂದಕ್ಕೆ ಕರೆದುಕೊಂಡು ಹೋದೆ. ಮೂರು ರಾತ್ರಿ ಗುಡಿಯಲ್ಲಿ ಮಲಗಿ ಮೂರು ಬೆಳಿಗ್ಗೆ ಒದ್ದೆಬಟ್ಟೆಯಲ್ಲಿ ಪ್ರದಕ್ಷಿಣೆ ಹಾಕುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಯಾಕೆ ಅಲ್ಲಿಗೆ ಹೋಗುತ್ತಿದ್ದೇವೆ ಎಂದು ಆಕೆಗೆ ಹೇಳಲಿಲ್ಲ. ಆಕೆ ಕೇಳುವಂತೆಯೂ ಇರಲಿಲ್ಲ.

ಗುಡಿಯ ಹತ್ತಿರ ಕಾಯಿ ಮಾರುವ ಮುದುಕಿ ಅಕ್ಕನ ಮುಖ ನೋಡಿ ನನ್ನನ್ನು ಗದರಿದಳು: “ತಮ್ಮಾ, ಮೊದಲ ಆಕಿನ್ನ ಆಸ್ಪತ್ರೀಗೆ ಒಯ್ಯಿ. ಈರಣ್ಣ ಎಲ್ಲಿ ಓಡಿಹೋಗ್ತಾನ? ನೀ ಬರೋತನಕ ಇಲ್ಲೇ ಕುಂತಿರ್ತಾನ.”

ನಾನು ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಅಕ್ಕ ತಾನೇ ನನ್ನ ಜೇಬಿಗೆ ಕೈಹಾಕಿ ಆ ಚೀಟಿ ತೆಗೆದಳು. ಅದನ್ನು ನನ್ನ ಕಣ್ಣ ಮುಂದೆ ಹಿಡಿದು ಆದೋನಿಯ ದಾರಿಯ ಕಡೆಗೆ ಕೈ ತೋರಿಸಿದಳು. ಓದಲು ಬಾರದವಳು ಚೀಟಿಯನ್ನು ತಲೆಕೆಳಗಾಗಿ ಹಿಡಿದಿದ್ದಳು. ಬಾವು ಆ ಹೊತ್ತಿಗೆ ಗಂಟಲಿನವರೆಗೆ ಹಬ್ಬಿತ್ತು. “ನಾಳೆ ಹೋಗೂಣಕ್ಕಾ. ಇವತ್ತು ಎದ್ದು ಹೋದ್ರ ಸ್ವಾಮಿ ಸಿಟ್ಟಾಗ್ತಾನ” ಎಂದೆ. ಆಕೆ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಚೀಟಿಯನ್ನು ಮಡಚಿ, ತಿರುಗಿ ನನ್ನ ಜೇಬಿಗೇ ಹಾಕಿ, ಮೇಲೊಂದು ಸಲ ಮೆಲ್ಲಗೆ ತಟ್ಟಿದಳು. ಹಿಂದಿನ ಅಕ್ಕನಾಗಿದ್ದರೆ ಬೈಗುಳಕ್ಕೆ ಗುಡಿಯ ಪಾರಿವಾಳಗಳು ಹಾರಿಹೋಗಬೇಕಿತ್ತು. ಅವಳು ಬೈಯಬಾರದೇ ಎಂದು ನನ್ನ ಮನಸ್ಸು ಹಂಬಲಿಸಿದ್ದು ಆಗಲೇ ಮೊದಲು.

ಶುಕ್ರವಾರ ಆದೋನಿಯ ಆಸ್ಪತ್ರೆಗೆ ಬಂದಾಗ ಬಿಸಿಲು ಏರಿತ್ತು. ಚೀಟಿ ತೋರಿಸಿದೆ. ವಾರ್ಡಿನ ಆಯಾ ಸುಂಕಮ್ಮ ಎಂಬಾಕೆ ತಲೆ ಮೇಲೆ ಕೈಹೊತ್ತಳು.

“ಅಯ್ಯೋ ತಮ್ಮಾ, ನಿನ್ನಿ ಬರಬಾರದಿತ್ತಾ? ನಿನ್ನಿ ಇಡೀ ದಿನ ಡಾಕ್ಟರಪ್ಪ ಇಲ್ಲೇ ಇದ್ರು. ಮಂದಿ ಹಲ್ಲು ಕಿತ್ತಿ ಕಿತ್ತಿ ಅವರ ಕೈಯ್ಯೇ ಸೋತುಹೋತು. ಅಗೋ ಅವರ ಕುರ್ಚಿ.”

ಮೂಲೆಯಲ್ಲಿ ಒಂದು ಮಡಚುವ ಕುರ್ಚಿಯನ್ನು ಗೋಡೆಗೆ ಒರಗಿಸಿ, ಮೇಲೆ ಬಟ್ಟೆ ಮುಚ್ಚಿದ್ದರು. ಇವತ್ತಿಗೂ ಆ ಕುರ್ಚಿ ನನ್ನ ಕಣ್ಣಮುಂದಿದೆ.

ಅಲ್ಲಿನ ಡಾಕ್ಟರು ಅಕ್ಕನನ್ನು ನೋಡಿದರು. ಗಂಟಲಿನ ಹತ್ತಿರದ ಬಾವು, ಬಾಯಿ ತೆರೆಯದೆ ನಾನು ಕತ್ತಿ ಹಾಕುವಂತಿಲ್ಲ, ಕರ್ನೂಲಿಗೇ ಹೋಗಬೇಕು ಎಂದರು. ಒಂದು ಇಂಜೆಕ್ಷನ್ ಕೊಟ್ಟು ಇನ್ನೊಂದು ಚೀಟಿ ಬರೆದರು. ಮೊದಲಾಗಿದ್ದರೆ ಬಳ್ಳಾರಿಗೆ ಬರೆಯುತ್ತಿದ್ದರಂತೆ. ಈಗ ಅದು ಬೇರೆ ರಾಜ್ಯ, ಚೀಟಿ ನಡೆಯುವುದಿಲ್ಲ. ಕರ್ನೂಲಿನ ಬಸ್ಸು ಬೆಳಿಗ್ಗೆಯೇ ಹೋಗಿಬಿಟ್ಟಿತ್ತು. ಸಂಜೆಯ ರೈಲಿಗೆ ಗುಂತಕಲ್ಲಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಹೋಗಿರಿ ಎಂದು ಸುಂಕಮ್ಮ ಜಟಕಾ ಹತ್ತಿಸಿದಳು.

ಸ್ಟೇಷನ್ನಿನಲ್ಲಿ ಅಕ್ಕನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದೆ. ಹತ್ತಿಯ ಗಂಟುಗಳನ್ನು ಹೊತ್ತ ಹಮಾಲರು ಕೂಗಾಡುತ್ತ ಓಡಾಡುತ್ತಿದ್ದರು. ಅಕ್ಕನಿಗೆ ಉಗುಳು ನುಂಗಲೂ ಆಗುತ್ತಿರಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ, ಕತ್ತು ಮುಂದೆ ಚಾಚಿ ಉಸಿರೆಳೆಯುತ್ತಿದ್ದಳು. ಪ್ರತಿ ಉಸಿರಿಗೂ ಸಣ್ಣದೊಂದು ಸಿಳ್ಳಿನ ಸದ್ದು. ಆ ಸದ್ದು ಕೇಳಲಾರದೆ ನಾನು ಆಕೆಯ ಕಾಲ ಹತ್ತಿರ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಸೊಸೈಟಿಯ ಬಾಗಿಲಿನ ಸಿಟ್ಟು, ನಾನು ಬೇಡಿಕೊಂಡದ್ದು, ಗುರುವಾರ ಕಳೆದದ್ದು, ಎಲ್ಲ.

“ನಿನಗ ಹಿಂಗ ಮಾಡಿದಾವ ನಾನ ಅಕ್ಕಾ” ಎಂದೆ.

ಆಕೆ ಮುಖ ತಿರುಗಿಸಿ ಹಳಿಯ ಕಡೆಗೆ ನೋಡಿದಳು. ಒಂದು ಮಾತಿಲ್ಲ. ಮಾತಿಗಾಗಿ ಹಸಿವಾದವರಂತೆ ನಾನು ಆಕೆಯ ಬಾಯನ್ನೇ ನೋಡುತ್ತಿದ್ದೆ. ಹೊಡೆದರೂ ಸರಿ, ಶಾಪ ಹಾಕಿದರೂ ಸರಿ. ಈ ಸುಮ್ಮನಿರುವಿಕೆಯೊಂದು ಬೇಡ. ಕಣ್ಣು ಮುಚ್ಚಿಕೊಂಡು ಬೇಡಿದೆ: “ಈರಣ್ಣ ತಂದೀ, ಹಿಂದಿನದು ನಾ ಬೇಡಿದ್ದಲ್ಲ, ನನ್ನ ಸೊಕ್ಕು ಬೇಡಿದ್ದು. ಆಕಿ ಬಾಯಿ ತೆಗೆದು ಒಂದು ಸಲ ನನ್ನನ್ನ ಬೈಲಿ. ಇನ್ನೇನೂ ಕೇಳಂಗಿಲ್ಲ.”

ಕಣ್ಣು ತೆರೆದಾಗ ಬೆಂಚಿನ ಆ ತುದಿಗೆ ಒಬ್ಬ ದೊಡ್ಡ ಮನುಷ್ಯರು ಬಂದು ಕೂತಿದ್ದರು. ಪ್ಯಾಂಟು, ಕೋಟು, ಹಣೆಯ ತುಂಬ ಭಂಡಾರ, ಕಾಲಬಳಿ ಒಂದು ಕರಿಯ ಪೆಟ್ಟಿಗೆ. ವಸ್ತ್ರದ ಗಂಟು ಬಿಚ್ಚಿ ಕಾಯಿಯ ಹೋಳು ಮುರಿದು ಅತ್ತಿತ್ತ ಕೂತವರಿಗೆಲ್ಲ ಹಂಚುತ್ತ ನಮ್ಮ ಹತ್ತಿರ ಬಂದರು.

“ತೀಸುಕೋಮ್ಮಾ, ಉರುಕುಂದ ಈರಣ್ಣ ಪ್ರಸಾದಂ” ಎಂದು ತೆಲುಗಿನಲ್ಲಿ ಹೇಳಿ ಅಕ್ಕನಿಗೆ ಒಂದು ಚೂರು ಕೊಟ್ಟರು.

ಅಕ್ಕ ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡಳು. ತುಟಿಯ ಹತ್ತಿರ ಒಯ್ದಳು. ಅಲ್ಲಿಗೆ ಅವಳ ಕೈ ನಿಂತುಹೋಯಿತು. ತಿನ್ನಲಾರದೆ, ಕೆಳಗಿಡಲಾರದೆ, ಆ ಚೂರನ್ನು ತುಟಿಗೆ ಒತ್ತಿಹಿಡಿದು ಅತ್ತಳು.

ಆ ಮನುಷ್ಯರ ಮುಖ ಬದಲಾಯಿತು. ಅಕ್ಕನ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸಿದರು. ಗಂಟಲ ಕೆಳಗೆ ಎರಡು ಬೆರಳಿನಿಂದ ಒತ್ತಿ ನೋಡಿದರು. ಆ ಬೆರಳುಗಳು ಎಲ್ಲಿ ಒತ್ತಬೇಕೆಂದು ಬಲ್ಲ ಬೆರಳುಗಳು.

“ಎಷ್ಟು ದಿನ ಆಯ್ತು?” ಎಂದು ಕನ್ನಡದಲ್ಲೇ ನನ್ನನ್ನು ಕೇಳಿದರು.

“ಐದು ದಿನಾರೀ.”

“ನಿನ್ನೆ ಇಡೀ ದಿನ ನಾನು ಇಲ್ಲಿನ ಆಸ್ಪತ್ರೆಯಲ್ಲೇ ಹಲ್ಲು ನೋಡ್ತಾ ಕೂತಿದ್ದೆ. ಎಲ್ಲಿ ಹೋಗಿದ್ದೆಯಯ್ಯಾ?”

“ಉರುಕುಂದದಾಗ ಇದ್ದೆನ್ರೀ.”

ಅವರು ತಮ್ಮ ಹಣೆಯ ಭಂಡಾರ ಮುಟ್ಟಿಕೊಂಡರು. “ಒಳ್ಳೇದಾಯ್ತು. ಇವತ್ತು ನಾನು ಹೋಗಿಬಂದೆ” ಎಂದು ಪೆಟ್ಟಿಗೆ ಎತ್ತಿಕೊಂಡು ಎದ್ದರು. “ಜಟಕಾ ಕರಿ. ಈಕೆ ಗುಂತಕಲ್ಲಿನವರೆಗೂ ತಡೆಯೋದಿಲ್ಲ.”

ನಾವು ಸ್ಟೇಷನ್ನಿನ ಹೊರಗೆ ಜಟಕಾ ಹತ್ತುವಾಗ ಅವರು ಹೋಗಬೇಕಾಗಿದ್ದ ರೈಲು ಬಂದು ನಿಂತ ಸದ್ದು ಕೇಳಿಸಿತು. ಅವರು ತಿರುಗಿಯೂ ನೋಡಲಿಲ್ಲ.

ಹೊತ್ತು ಮುಳುಗುವ ಮೊದಲೇ ಸುಂಕಮ್ಮ ಆ ಮಡಚಿದ ಕುರ್ಚಿಯನ್ನು ಕಿಟಕಿಯ ಹತ್ತಿರ ಬಿಚ್ಚಿ ಹಾಕಿದಳು. ಡಾಕ್ಟರು ದವಡೆಯ ಕೆಳಗೆ ಹೊರಗಿನಿಂದ ಸೀಳಿ ಕೀವು ತೆಗೆದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗಿನಿಂದ ಸುಂಕಮ್ಮ “ಬಂತು, ಬಂತು, ಎಲ್ಲಾ ಬಂತು ತಾಯಿ” ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಕರೆದರು. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಉಸಿರಿನಲ್ಲಿ ಸಿಳ್ಳಿನ ಸದ್ದು ಇರಲಿಲ್ಲ.

ಮರುದಿನ ತಮ್ಮ ಊರಿಗೆ ಹೊರಡುವ ಮುಂಚೆ ಡಾಕ್ಟರು ನನಗೆ ಒಂದು ಕೆಲಸ ಹೇಳಿದರು. ಬಿಗಿದ ದವಡೆ ತಾನಾಗಿ ಬಿಡುವುದಿಲ್ಲ, ತೆಳ್ಳನೆಯ ಕಡ್ಡಿಪಟ್ಟಿಗಳನ್ನು ಒಂದರ ಮೇಲೊಂದು ಸೇರಿಸಿ ಹಲ್ಲುಗಳ ನಡುವೆ ಇಡಬೇಕು, ದಿನಕ್ಕೊಂದು ಹೆಚ್ಚಿಸಬೇಕು, ಅವಸರ ಮಾಡಬಾರದು. ಬಾಯಿ ತೆರೆದ ಮೇಲೆ, ಮುಂದಿನ ತಿಂಗಳು ಹಲ್ಲು ಕೀಳುತ್ತೇನೆ ಎಂದರು. ನಾನು ಬಿದಿರು ತಂದು ಸೀಳಿ, ರೇಷ್ಮೆಯ ನೂಲು ಎಳೆದರೂ ಸಿಕ್ಕಿಕೊಳ್ಳಬಾರದು ಅನ್ನುವಷ್ಟು ನುಣ್ಣಗೆ ಹೆರೆದೆ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ನಾನು ಒಂದು ಸೀರೆಯನ್ನೂ ನೇಯ್ದಿಲ್ಲ.

ಮೊದಲ ದಿನ ಒಂದು ಪಟ್ಟಿ ಕಷ್ಟದಿಂದ ಹೋಯಿತು. ಎರಡು, ಮೂರು. ಇಂಜೆಕ್ಷನ್ನಿನ ಹೊತ್ತಿಗೆ ಸುಂಕಮ್ಮ ಬಂದು “ಇವತ್ತು ಎಷ್ಟು?” ಎಂದು ಕೇಳುವಳು. ಪಕ್ಕದ ಮಂಚದವರೂ ಎಣಿಸತೊಡಗಿದರು. ಆರನೆಯ ಪಟ್ಟಿಗೆ ಅಕ್ಕ ಚಮಚದಲ್ಲಿ ಗಂಜಿ ಕುಡಿದಳು. ಆದರೆ ಮಾತಾಡಲಿಲ್ಲ. ಸುಂಕಮ್ಮನ ಮಾತಿಗೆ ತಲೆಯಾಡಿಸುವಳು, ನನ್ನ ಮಾತಿಗೆ ಅದೂ ಇಲ್ಲ. ಆಗುತ್ತಿಲ್ಲವೋ, ನನ್ನ ಹತ್ತಿರ ಬೇಡವೆಂದು ಬಿಟ್ಟಿದ್ದಾಳೋ ತಿಳಿಯದೆ, ಪ್ರತಿ ದಿನ ಪಟ್ಟಿ ಇಟ್ಟು ಆಕೆಯ ಮುಖ ನೋಡುತ್ತ ಕೂರುತ್ತಿದ್ದೆ. ಮನೆಯಲ್ಲಿ ರಾಟಿಯ ಹತ್ತಿರ ಕೂತು ಆಕೆ ಕೂಗುತ್ತಿದ್ದ ಒಂದೊಂದು ಬೈಗುಳವೂ ನೆನಪಾಗುತ್ತಿತ್ತು. ಮೂಳ, ಮಬ್ಬ, ಕುಂಭಕರ್ಣ. ಅವನ್ನೆಲ್ಲ ಮನಸ್ಸಿನಲ್ಲಿ ಜಪದಂತೆ ಹೇಳಿಕೊಳ್ಳುತ್ತಿದ್ದೆ.

ಹನ್ನೊಂದನೆಯ ಪಟ್ಟಿ ಇಟ್ಟ ದಿನ “ನೋಯಾಕತ್ತೈತೇನಕ್ಕಾ?” ಎಂದೆ. ಆಕೆ ಅಷ್ಟೂ ಪಟ್ಟಿಗಳನ್ನು ಬಾಯಿಂದ ಎಳೆದು ನನ್ನ ಕೈಗೆ ಹಾಕಿದಳು. ದವಡೆಯನ್ನು ಅತ್ತಿತ್ತ ಆಡಿಸಿ ನೋಡಿಕೊಂಡಳು.

“ಲೇ ಮೂಳಾ,” ಎಂದಳು. ದನಿ ಒಡೆದಿತ್ತು. “ನಿನ್ನ ಮಾತು ಕೇಳಿ ನನ್ನ ಬಾಯಿ ಮುಚ್ಚಿಸೋ ದೇವರಾದ್ರ, ನಿನ್ನ ಮಗ್ಗದಾಗಿನ ನೂಲು ದಿನಕ್ಕ ಹತ್ತು ಸಲ ಯಾಕ ಹರೀತಿತ್ತಲೇ?”

ವಾರ್ಡು ಪೂರ್ತಿ ನಕ್ಕಿತು. ಸುಂಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಆಕೆಯ ಕಾಲು ಹಿಡಿದು ಅತ್ತೆ. ನಗು ನಿಂತ ಮೇಲೆ, ನನಗೊಬ್ಬನಿಗೇ ಕೇಳಿಸುವಂತೆ ಅಕ್ಕ ಹೇಳಿದಳು:

“ದಸರಿಯಿಂದ ನೋಯಾಕತ್ತಿತ್ತು ತಮ್ಮಾ. ತಡಕೊಳ್ಳಾಕ ಆಗದ ಒದರಾಡ್ತಿದ್ದೆ. ಏನಾತಕ್ಕಾ ಅಂತ ಇವತ್ತು ಕೇಳ್ತಾನ, ನಾಳೆ ಕೇಳ್ತಾನ ಅಂತ ದಾರಿ ನೋಡಿದೆ. ನೀ ಒಂದು ದಿನಾನೂ ಕೇಳಲಿಲ್ಲ.”

ಬಂಧುಗಳೇ, ನನ್ನ ಕೆಟ್ಟ ಮಾತನ್ನು ಸ್ವಾಮಿ ಕೇಳಿಯೇ ಇರಲಿಲ್ಲ. ಅಕ್ಕ ನಾಲ್ಕು ತಿಂಗಳು ನನ್ನ ಪಕ್ಕದಲ್ಲೇ ಕೂತು ಕೇಳಿಸಿದ ನೋವನ್ನು ಕೇಳದವನು ನಾನು. ಆದರೂ ಆ ಕಲ್ಲುಬೆಂಚಿನ ಹತ್ತಿರ ನಾನು ಬೇಡಿದ ಇನ್ನೊಂದು ಮಾತನ್ನು ಸ್ವಾಮಿ ಕೇಳಿಸಿಕೊಂಡ. ನಾನು ಅವನ ಗುಡಿಯಲ್ಲಿ ಕೂತು ಕಳೆದುಕೊಂಡ ಡಾಕ್ಟರನ್ನು ತನ್ನ ಗುಡಿಗೇ ಕರೆಸಿಕೊಂಡು, ಕೈಗೆ ಪ್ರಸಾದ ಕೊಟ್ಟು, ಅಕ್ಕನಿದ್ದಲ್ಲಿಗೆ ಕಳಿಸಿದ. ಅಂಥ ಕರುಣೆಗೆ ನಾನು ಯೋಗ್ಯನಲ್ಲವೆಂದು ಬಲ್ಲೆ. ಅದಕ್ಕೇ ಅವನ ಮೇಲಿನ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ.

ಮುಂದಿನ ತಿಂಗಳು ಹೇಳಿದ ದಿನವೇ ಹೋಗಿ, ಅದೇ ಕುರ್ಚಿಯಲ್ಲಿ ಹಲ್ಲು ಕೀಳಿಸಿಕೊಂಡು ಬಂದೆವು. ಹನ್ನೊಂದು ಬಿದಿರಿನ ಪಟ್ಟಿಗಳು ನಮ್ಮ ದೇವರ ಗೂಡಿನಲ್ಲಿವೆ. ಪ್ರತಿ ಸೋಮವಾರ ಉರುಕುಂದಕ್ಕೆ ಹೊರಡುವ ಮುಂಚೆ ನಾನು ಅಕ್ಕನ ಮುಂದೆ ನಿಂತು “ಏನಾರ ನೋಯಾಕತ್ತೈತೇನಕ್ಕಾ?” ಎಂದು ಕೇಳುತ್ತೇನೆ. ಉತ್ತರ ಬರುವವರೆಗೆ ಚಪ್ಪಲಿ ಮೆಟ್ಟುವುದಿಲ್ಲ.

ಇದನ್ನು ಬರೆಯುತ್ತ ಮಗ್ಗದ ಕೆಲಸ ಅರ್ಧ ದಿನ ನಿಂತಿದೆ. ರಾಟಿಯ ಹತ್ತಿರದಿಂದ ದನಿ ಬರುತ್ತಿದೆ: “ಕಾಗದದ ಮ್ಯಾಲ ಎಷ್ಟೊತ್ತು ಕೆರೀತೀಯಲೇ ಮೂಳಾ? ಕಂಡಿಕಿ ಸುತ್ತಿಟ್ಟು ಆಗಲೇ ಹೊತ್ತಾತು, ಏಳು!”

ಏಳುತ್ತೇನೆ. ಇನ್ನೊಂದು ಸಲ ಕೂಗಲಿ ಎಂದು ಕಾಯುತ್ತಿದ್ದೇನೆ.