ಒಲೆಯ ಮೇಲಿನ ರೇಡಿಯೋ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ವಿರಾಜಪೇಟೆಗೆ ಸೊಸೆಯಾಗಿ ಬಂದೆ. ಮಾವ ಕಾಳುಮೆಣಸಿನ ವ್ಯಾಪಾರಿ. ಮನೆಯಲ್ಲಿ ಕರೆಂಟಿತ್ತು, ದೊಡ್ಡದೊಂದು ವಾಲ್ವ್ ರೇಡಿಯೋ ಇತ್ತು. ನನ್ನ ಅಪ್ಪನದು ಕುಶಾಲನಗರದಲ್ಲಿ ರೇಡಿಯೋ ರಿಪೇರಿ ಅಂಗಡಿ. ಮದುವೆಯಾಗುವವರೆಗೂ ಅಪ್ಪನ ಮೇಜಿನ ಒಂದು ಬದಿ ನನ್ನದೇ ಆಗಿತ್ತು.

ಆ ಮಳೆಗಾಲದ ಒಂದು ಭಾನುವಾರ ಸಂಜೆ, ಆಕಾಶವಾಣಿಗೆ ಹೋಗಿದ್ದ ನಾದಿನಿ ಮೊದಲ ಸಲ ರೇಡಿಯೋದಲ್ಲಿ ಹಾಡುವವಳಿದ್ದಳು. ಅತ್ತೆ ಬೀದಿಗೆಲ್ಲ ಹೇಳಿ ಬಂದಿದ್ದರು. ಅವತ್ತು ಬೆಳಿಗ್ಗೆ ರೇಡಿಯೋ ಹಾಕಿದರೆ ಹೆಜ್ಜೇನು ಎದ್ದ ಹಾಗೆ ಗುಂಯ್ ಎಂಬ ಸದ್ದು. ವಾರ್ತೆ ಅದರಲ್ಲಿ ಮುಳುಗಿಹೋಗಿತ್ತು. ಏರಿಯಲ್ ತಂತಿ ಒದ್ದೆಯಾಗಿರಬೇಕೆಂದರು ಮಾವ. ನಮ್ಮನೆಯವರು ಏಣಿ ಹತ್ತಿ ತಂತಿ ಒರೆಸಿ, ತಾವೇ ತೊಯ್ದು ಇಳಿದರು. ಸದ್ದು ಹಾಗೇ ಇತ್ತು.

ನಾನು ವಾಲ್ಯೂಮನ್ನು ಪೂರ್ತಿ ಇಳಿಸಿದೆ. ಮಾತು ನಿಂತಿತು, ಗುಂಯ್ ನಿಲ್ಲಲಿಲ್ಲ. ಹಾಗಾದರೆ ಅದು ಏರಿಯಲ್ಲಿನಿಂದ ಬಂದದ್ದಲ್ಲ. ಒಳಗೆ ಕರೆಂಟನ್ನು ಹದ ಮಾಡುವ ಕಡೆಯೇ ಕೆಟ್ಟಿದೆ. ಬಿಚ್ಚಿ ನೋಡುತ್ತೇನೆಂದೆ. ಶಾಕ್ ಹೊಡೆದರೆ ನಿನ್ನ ಅಪ್ಪನಿಗೆ ಏನು ಹೇಳುವುದು ಎಂದು ಮಾವ ಕೇಳಿದರು. ಅಪ್ಪನೇ ಕಲಿಸಿದ್ದು ಎಂದೆ.

ಪ್ಲಗ್ ಕಿತ್ತು, ಹಿಂದಿನ ರಟ್ಟು ತೆಗೆದು, ಒಳಗೆ ಉಳಿದ ಕರೆಂಟನ್ನೂ ಇಳಿಸಿದೆ. ವಾಲ್ವುಗಳೆಲ್ಲ ಬೆಳಗಿದ್ದನ್ನು ಮೊದಲೇ ನೋಡಿದ್ದೆ, ದೋಷ ಅವುಗಳದ್ದಲ್ಲ. ಕರೆಂಟನ್ನು ಹದ ಮಾಡುವ, ತಗಡಿನ ಡಬ್ಬಿಯಂಥ ಕಂಡೆನ್ಸರಿನ ಬುಡದಲ್ಲಿ ಬಿಳಿ ಪುಡಿ ಕಟ್ಟಿತ್ತು. ಒಳಗಿನ ಪಸೆ ಆರಿಹೋದರೆ ಹೀಗೇ ಗುಂಯ್‌ಗುಡುವುದು. ಬಸ್‌ಸ್ಟ್ಯಾಂಡಿನ ಬಳಿಯ ಅಂಗಡಿಯಿಂದ ನಮ್ಮನೆಯವರು ಹೊಸದು ತಂದರು. ನನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ಅಪ್ಪ ಕೊಟ್ಟ ಬೆಸುಗೆ ಕಡ್ಡಿ ಇತ್ತು.

ಬೆಸುಗೆ ಹಾಕುತ್ತಾ, ಈ ಮಳೆಯಲ್ಲೂ ಇದು ಹೇಗೆ ಒಣಗಿತು, ರಾತ್ರಿ ಎಲ್ಲಿಡುತ್ತೀರಿ ಎಂದು ಕೇಳಿದೆ.

"ಶೀತ ಆಗ್ಬಾರ್ದೂಂತ ಒಲೆ ಮೇಲಿನ ಅಟ್ಟದಲ್ಲಿ," ಎಂದರು ಅತ್ತೆ. "ದಿನಾ ನಾನೇ ಇಡೂದು."

ಮಾವ ಅವರ ಮುಖ ನೋಡಿದರು. "ಮೆಣಸಿನ ಜೊತೆ ರೇಡಿಯೋನೂ ಒಣಗ್ಸಿದ್ಯಲ್ಲ, ಮಾರಾಯ್ತಿ."

ಅತ್ತೆಗೇ ಮೊದಲು ನಗು ಬಂತು.

ಮತ್ತೆ ಪ್ಲಗ್ ಹಾಕಿದಾಗ ಎಲ್ಲರೂ ರೇಡಿಯೋದ ಸುತ್ತ ಬಂದು ನಿಂತರು. ವಾಲ್ವುಗಳು ಕಾಯುವವರೆಗೆ ಏನೂ ಇಲ್ಲ. ಆಮೇಲೆ ಯಾರೋ ಕೃಷಿಯ ವಿಷಯ ಮಾತಾಡುವುದು ಸ್ಪಷ್ಟವಾಗಿ ಕೇಳಿತು. ಗೊಬ್ಬರದ ಕುರಿತ ಆ ಮಾತನ್ನು ನಮ್ಮ ಮನೆಯಲ್ಲಿ ಅಷ್ಟು ಭಕ್ತಿಯಿಂದ ಯಾವತ್ತೂ ಯಾರೂ ಕೇಳಿರಲಿಕ್ಕಿಲ್ಲ.

ಸಂಜೆ ಚಾಪೆಗಳು ಸಾಲಲಿಲ್ಲ. ನಾದಿನಿ ಹಾಡಿನ ನಡುವೆ ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ಮುಗಿದ ಮೇಲೆ ಪಕ್ಕದ ಮನೆಯವರು ನಾದಿನಿಯನ್ನು ಹೊಗಳತೊಡಗಿದರೆ, ಅತ್ತೆ ಅಡುಗೆಮನೆಯ ಬಾಗಿಲಲ್ಲಿದ್ದ ನನ್ನತ್ತ ಕೈ ತೋರಿಸಿದರು.

"ಹಾಡಿದ್ದು ಅವ್ಳು. ಕೇಳ್ಸಿದ್ದು ಇವ್ಳು."

ಮರುದಿನ ಅಟ್ಟದ ಆ ಜಾಗಕ್ಕೆ ಒಣಮೀನಿನ ಬುಟ್ಟಿ ಹೋಯಿತು. ನನ್ನ ಬೆಸುಗೆ ಕಡ್ಡಿಯನ್ನು ಅತ್ತೆಯೇ ಒರೆಸಿ, ಹಜಾರದಲ್ಲಿ ರೇಡಿಯೋದ ಪಕ್ಕ, ಬಂದವರಿಗೆಲ್ಲ ಕಾಣುವಂತೆ ಇಟ್ಟರು.