ಜನ್ನಾಪುರದ ಪರದೆಗೆ ಇಬ್ಬರು ಯಜಮಾನರು

“ಕುರ್ಚಿಯಿಂದ ಏಳದೇನೇ ಅಮೆರಿಕದ ಕಂಪ್ಯೂಟರಿನ ಕೆಮ್ಮು ವಾಸಿ ಮಾಡ್ತೀನಿ,” ಎಂದು ಗುಲಾಮ್ ಮೊಹಿದ್ದೀನ್ ಹೇಳಿದರೆ, ಶಿವಮೊಗ್ಗದ ಸವಳಂಗ ರಸ್ತೆಯ ಆಟೋಗಳೂ ಹಾರ್ನ್ ನಿಲ್ಲಿಸಿ ತಲೆದೂಗುತ್ತವೆ. ಅವರ ರಿಪೇರಿ ಅಂಗಡಿಯಲ್ಲಿರುವುದು ಲಿನಕ್ಸ್ ಲ್ಯಾಪ್‌ಟಾಪ್, ಗಿರಾಕಿಗಳದ್ದೆಲ್ಲ ವಿಂಡೋಸ್. ಆದರೂ ದೂರದಿಂದಲೇ ಅವರ ಪರದೆಯೊಳಗೆ ನುಗ್ಗಿ ಕೆಲಸ ಮುಗಿಸಿ ಬರುತ್ತಾರೆ. ಮೊಹಿದ್ದೀನ್ ಭಾಯ್ ಕುರ್ಚಿ ಬಿಟ್ಟು ಎದ್ದದ್ದನ್ನು ಕಂಡವರು ಈಗ ಯಾರೂ ಬದುಕಿಲ್ಲ.

ಕಳೆದ ತಿಂಗಳು ಭದ್ರಾವತಿಯ ಜನ್ನಾಪುರದಿಂದ ಸಾವಿತ್ರಮ್ಮ ಫೋನ್ ಮಾಡಿದರು. ಮನೆಯ ಮುಂದಿನ ಕೋಣೆಯಲ್ಲೇ ಲಗ್ನಪತ್ರಿಕೆ ಮಾಡಿಕೊಡುವವರು ಅವರು.

“ಭಾಯ್, ಪ್ರಿಂಟರ್ ಮುಷ್ಕರ ಹೂಡಿದೆ. ಊಟ ಆದ್ಮೇಲೆ ಗಂಡಿನ ಕಡೆಯವರು ಬರ್ತಾರೆ. ಪತ್ರಿಕೆ ಇಲ್ಲ ಅಂದ್ರೆ ಬೇರೆ ಕಡೆ ಹೋಗ್ತಾರೆ, ನೆಂಟರನ್ನೆಲ್ಲ ಕಟ್ಕೊಂಡು!”

“ನೀವು ಅಡುಗೆ ನೋಡ್ಕೊಳ್ಳಿ ಅಕ್ಕಾ, ನಾನು ಒಳಗೆ ಬರ್ತೀನಿ. ಫೋನ್ ಮಾತ್ರ ಮಾಡ್ಬೇಡಿ. ನಿಮ್ಮ ಮೊಬೈಲಿಂದ್ಲೇ ಕಂಪ್ಯೂಟರಿಗೆ ನೆಟ್ ಹೋಗೋದು, ಮಾತಾಡಿದ್ರೆ ಕಡಿದುಹೋಗುತ್ತೆ.”

ಒಂದು ವಿಷಯ ಹೇಳಲು ಭಾಯ್ ಮರೆತರು. ಅವರು ಶಿವಮೊಗ್ಗದಿಂದ ಒಳಹೊಕ್ಕ ಕೂಡಲೇ ಜನ್ನಾಪುರದ ಪರದೆ ಬೀಗ ಹಾಕಿಕೊಂಡು ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿ ಪಾಸ್‌ವರ್ಡ್ ಒತ್ತಿದರೆ ಇಲ್ಲಿ ಭಾಯ್ ಹೊರಗೆ. ಸಾವಿತ್ರಮ್ಮನೋ, ಹಗಲಲ್ಲಿ ಅಂಗಡಿ ಪರದೆ ಮುಚ್ಚಿದ್ದು ಕಂಡರೆ ಒಲೆಯ ಮೇಲಿನ ಸಾರು ಉಕ್ಕಿದರೂ ಅದನ್ನೇ ಮೊದಲು ತೆಗೆಯುವವರು. ಸೆರಗಿನಿಂದ ಪರದೆ ಒರೆಸಿ ಪಾಸ್‌ವರ್ಡ್ ಒತ್ತಿದರು. ಭಾಯ್ ಹೊರಬಿದ್ದರು. ಮತ್ತೆ ನುಗ್ಗಿದರು, ಅಕ್ಕ ಮತ್ತೆ ದಬ್ಬಿದರು. ತುಂಗೆಗೂ ಭದ್ರೆಗೂ ನಡುವೆ ಇಂಥ ಹಗ್ಗಜಗ್ಗಾಟ ಹಿಂದೆಂದೂ ನಡೆದಿರಲಿಲ್ಲ.

“ಯಾವನೋ ಕಳ್ಳ ಒಳಗಿದ್ದಾನೆ! ಫಾರಿನ್ನಿನವನೇ ಇರ್ಬೇಕು, ನಮ್ಮೋರಿಗೆ ಇಷ್ಟು ಚುರುಕಿಲ್ಲ,” ಎಂದು, ಅಕ್ಕ ಅಡುಗೆಮನೆಯಲ್ಲೇ ಇದ್ದಾರೆಂದು ನಂಬಿದ್ದ ಭಾಯ್ ಹಲ್ಲು ಕಡಿದು, ಒಳಗೆ ಸಿಕ್ಕ ಅರೆಗಳಿಗೆಯಲ್ಲಿ ಪಾಸ್‌ವರ್ಡನ್ನೇ ಬದಲಾಯಿಸಿ ಗಡ್ಡ ನೀವಿಕೊಂಡರು.

ಫೋನ್ ಬಂತು. “ಅಯ್ಯೋ ಭಾಯ್! ಆಗ್ಲಿಂದ ಬೀಗ ಬೀಳ್ತಿತ್ತು, ನಾನು ತೆಗೀತಿದ್ದೆ. ಈಗ ಯಾವನೋ ಪಾಸ್‌ವರ್ಡೇ ಬದಲಾಯಿಸಿಬಿಟ್ಟ!”

ನೀವುತ್ತಿದ್ದ ಕೈ ಗಡ್ಡದಲ್ಲೇ ನಿಂತಿತು. “ಅವನು... ನಾನೇ ಅಕ್ಕಾ. ಹೊಸದು ಹೇಳ್ತೀನಿ, ಒತ್ತಿ.”

“ಫೋನಲ್ಲಿ ಪಾಸ್‌ವರ್ಡ್ ಮಾತಾಡೋರನ್ನ ನಂಬಬೇಡಿ ಅಂತ ಕಲಿಸಿದ್ದು ನೀವೇ ಅಲ್ವಾ? ಮೇನ್ ಸ್ವಿಚ್ಚೇ ಆಫ್ ಮಾಡಿದ್ದೀನಿ. ನೀವು ಬಂದು ಎದುರಿಗೆ ನಿಂತ್ಮೇಲೇ ಹಾಕೋದು.”

ಭಾಯ್ ಎದ್ದರು. ಕುರ್ಚಿಗೇ ಕಾಲು ಜೋಮು ಹಿಡಿದಿತ್ತು. ಬಸ್ಸಿನಲ್ಲಿ ಸೀಟು ಸಿಗದೆ ಜನ್ನಾಪುರದವರೆಗೂ ನಿಂತೇ ಹೋದರು. ಬೀಗ ತೆರೆದು, ಪ್ರಿಂಟರಿನ ಮುಷ್ಕರ ಮುರಿದು, ಕೊನೆಯ ಪತ್ರಿಕೆ ಬಿಸಿಬಿಸಿಯಾಗಿ ಹೊರಬರುವಾಗ ಗಂಡಿನ ತಂದೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರು. ಕಥೆ ಕೇಳಿ, “ಕಳ್ಳ ಸಿಕ್ಕಿದ್ನಾ?” ಎಂದರು.

“ಸಿಕ್ಕಿದ. ಟೀ ಕುಡೀತಾ ಕೂತಿದ್ದಾನೆ ನೋಡಿ,” ಎಂದರು ಸಾವಿತ್ರಮ್ಮ.

ಭಾಯ್ ಲೋಟ ಕೆಳಗಿಟ್ಟರು. “ಕಳ್ಳತನ ಎಲ್ಲಾ ಕಡೆ ಆಗುತ್ತಕ್ಕಾ. ಆದ್ರೆ ಕಳ್ಳನಿಗೇ ಫೋನ್ ಮಾಡಿ, ಬಸ್ ಹತ್ತಿಸಿ ಕರೆಸ್ಕೊಂಡು, ಬೀಗ ತೆಗೆಸೋ ಮನೆಯವರನ್ನ ಇವತ್ತೇ ನೋಡಿದ್ದು.”