ಎಗರುವ ಮುಳ್ಳು, ಏರುವ ಮುಳ್ಳು: ದೋಣಿ ಇಂಜಿನ್ನಿನ ಬಿಸಿ ಓದುವ ವೀರಮ್ಮ

ಬೆಳಗಿನ ಆರೂಕಾಲು. ಶಿವಮೊಗ್ಗದ ಹೊರಗೆ, ತುಂಗಾ ಹಿನ್ನೀರಿನ ದೋಣಿಕಟ್ಟೆಯಲ್ಲಿ ಮಂಜು ಇನ್ನೂ ನೀರು ಬಿಟ್ಟು ಎದ್ದಿಲ್ಲ. ಇಪ್ಪತ್ತು ಜನ ಕೂರುವ ಪ್ರವಾಸಿ ದೋಣಿಯ ಹಲಗೆ ತೆಗೆದು, ಇಂಜಿನ್ ಗುಂಡಿಯೊಳಗೆ ಸೊಂಟದವರೆಗೆ ಇಳಿದಿದ್ದಾರೆ ಐವತ್ತನಾಲ್ಕರ ವೀರಮ್ಮ. ಸೆರಗು ಬಿಗಿದು ಕಟ್ಟಿದ ಸೀರೆ, ಅದರ ಮೇಲೊಂದು ಗಂಡಸರ ಖಾಕಿ ಅಂಗಿ.

ದೋಣಿಯ ಚಾಲಕ ದೇವರಾಜ್ ಮೇಲೆ ನಿಂತು ಕೈ ಹಿಸುಕಿಕೊಳ್ಳುತ್ತಿದ್ದಾರೆ. ಮೂರು ದಿನದಿಂದ ಒಂದೇ ಗೋಳು. ದೋಣಿ ವೇಗ ಹಿಡಿದರೆ ಸಾಕು, ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋಗಿ ನಿಲ್ಲುತ್ತದೆ, ಅಲಾರಂ ಕಿರುಚುತ್ತದೆ, ಪ್ರವಾಸಿಗರು ಗಾಬರಿಯಾಗುತ್ತಾರೆ. ಮಾಲೀಕರು ಎರಡು ಹೊಸ ಸೆನ್ಸರ್ ಹಾಕಿಸಿ ನೋಡಿದರು. ಅಲಾರಂ ವೈರನ್ನೇ ಕತ್ತರಿಸಿಬಿಡಿ ಎಂದರು ಯಾರೋ. ಆಗ ದೇವರಾಜ್ ಭದ್ರಾವತಿಯ ವೀರಮ್ಮನಿಗೆ ಫೋನ್ ಮಾಡಿದರು.

ವೀರಮ್ಮ ಸೆನ್ಸರ್ ಬಿಚ್ಚುತ್ತಾರೆ. ಫ್ಲಾಸ್ಕಿನಲ್ಲಿ ತಂದ ಕುದಿನೀರನ್ನು ಸ್ಟೀಲ್ ಲೋಟಕ್ಕೆ ಸುರಿದು, ಥರ್ಮಾಮೀಟರಿನ ಜೊತೆಗೆ ಸೆನ್ಸರಿನ ಮೂತಿಯನ್ನೂ ಅದ್ದುತ್ತಾರೆ. ಬಿಸಿ ಏರಿದಂತೆ, ಸೆನ್ಸರಿನ ವಿದ್ಯುತ್ ರೋಧ ತೋರಿಸುವ ಮಲ್ಟಿಮೀಟರಿನ ಅಂಕಿ ಇಳಿಯಬೇಕು. ಇಳಿಯುತ್ತದೆ. "ಪಾಪ, ಇದರದ್ದೇನೂ ತಪ್ಪಿಲ್ಲ ಮಾರಾಯ," ಎಂದು ಅದನ್ನು ಒರೆಸಿ ಸ್ವಸ್ಥಾನದಲ್ಲಿ ಬಿಗಿಯುತ್ತಾರೆ. ವೈರನ್ನು ಮಾತ್ರ ಸಿಕ್ಕಿಸುವುದಿಲ್ಲ. ಅದರ ತುದಿಗೆ ಟೇಪು ಸುತ್ತಿ ಬಿಟ್ಟು, ಇಂಜಿನ್ ಚಾಲೂ ಮಾಡಿಸುತ್ತಾರೆ. ವೇಗ ಏರಿಸಿದ ಕ್ಷಣ ಮುಳ್ಳು ಮತ್ತೆ ಕೆಂಪಿಗೆ ಎಗರುತ್ತದೆ. ಸೆನ್ಸರಿಗೆ ವೈರೇ ಇಲ್ಲ, ಆದರೂ ಬಿಸಿ!

"ನೋಡಿದ್ರಾ ಸಾರ್?" ಎಂದು ವೀರಮ್ಮ ವರದಿಗೆ ಬಂದ ನಮ್ಮತ್ತ ತಿರುಗುತ್ತಾರೆ. "ಬಿಸಿ ಅನ್ನೋದು ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತೆ. ಎಗರಲ್ಲ. ಮುಳ್ಳು ಎಗರಿದ್ರೆ ಮೊದಲು ವೈರ್ ನೋಡಿ. ನಿಧಾನಕ್ಕೆ ಏರಿದ್ರೆ ಇಂಜಿನ್ ನೋಡಿ."

ಇಂಜಿನ್ ನಿಲ್ಲಿಸಿ, ಬೆರಳ ತುದಿಯಿಂದ ವೈರನ್ನು ಗೇಣುಗೇಣಾಗಿ ತಡವುತ್ತಾ ಹೋಗುತ್ತಾರೆ. ಕಣ್ಣು ಮುಚ್ಚಿವೆ. ಒಂದು ಕಬ್ಬಿಣದ ಪಟ್ಟಿಯ ಹಿಂದೆ ಬೆರಳು ನಿಲ್ಲುತ್ತದೆ. ಅಲುಗಾಟಕ್ಕೆ ಉಜ್ಜಿ ಉಜ್ಜಿ ವೈರಿನ ಪ್ಲಾಸ್ಟಿಕ್ ಸವೆದಿದೆ. ಒಳಗಿನ ತಾಮ್ರ, ಕೂದಲೆಳೆಯಷ್ಟು, ಇಂಜಿನ್ನಿನ ಮೈಗೆ ತಾಗುತ್ತಿದೆ. ಹಾಗೆ ತಾಗಿದಾಗಲೆಲ್ಲ ಮೀಟರ್ ಅದನ್ನು ಬಿಸಿ ಎಂದೇ ಓದುತ್ತದೆ. ಮೂರು ದಿನದ ಗೋಳಿನ ಮೂಲ ಅಷ್ಟೇ. ದೇವರಾಜ್ ಬಾಯಿ ತೆರೆದು ನೋಡುತ್ತಾರೆ.

ವೀರಮ್ಮ ಓದಿದ್ದು ಏಳನೇ ಕ್ಲಾಸು. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ಕಸ ಗುಡಿಸಲು ಸೇರಿದಾಗ ಇಪ್ಪತ್ತೆರಡು ವರ್ಷ. ಗುಡಿಸಬೇಕಿದ್ದುದು ಕುಲುಮೆಯ ಬಿಸಿ ಅಳೆಯುವ ಉಪಕರಣಗಳ ರಿಪೇರಿ ಕೋಣೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಮೂರ್ತಪ್ಪನವರು ಒಂದು ದಿನ ಪೊರಕೆ ಪಕ್ಕಕ್ಕಿಡಿಸಿ, ಕೈಗೆ ಮೀಟರ್ ಕೊಟ್ಟರು. "ಮೂರು ತಿಂಗಳಿಂದ ನನ್ನ ಕೈ ನೋಡ್ತಿದ್ದೀಯಲ್ಲಮ್ಮ, ಈಗ ನೀನು ಮಾಡು, ನಾನು ನೋಡ್ತೀನಿ ಅಂದ್ರು," ಎನ್ನುವಾಗ ವೀರಮ್ಮನ ದನಿ ಮೆತ್ತಗಾಗುತ್ತದೆ. ಹಾಜರಿ ಪುಸ್ತಕದಲ್ಲಿ ಹದಿನೇಳು ವರ್ಷವೂ ಅವರು ಕಸ ಗುಡಿಸುವವರೇ. ಗುತ್ತಿಗೆ ನಿಂತ ಮೇಲೆ ಹಳೇ ಪೇಟೆಯಲ್ಲಿ ಎಂಟಡಿ ಅಂಗಡಿ ಹಾಕಿದರು. ಮೊದಲ ವರ್ಷ ಬಂದವರೆಲ್ಲ "ಮೆಕ್ಯಾನಿಕ್ ಎಲ್ಲಿ?" ಎಂದೇ ಕೇಳಿದರು.

ಇಂದು ಟ್ರಾಕ್ಟರ್, ಜನರೇಟರ್, ನೀರೆತ್ತುವ ಇಂಜಿನ್ ಎಂದು ದಿನಕ್ಕೆ ನಾಲ್ಕೈದು ಕೆಲಸ. ಜೊತೆಗೆ ತುಂಗೆ, ಭದ್ರೆಯ ಹಿನ್ನೀರುಗಳ ಹದಿನಾಲ್ಕು ದೋಣಿಗಳು. ಐದು ಗಂಟೆಯ ಬಸ್ಸಿಗೆ ಹೊರಡುವ ಅವರ ಚೀಲ ಒಂಬತ್ತು ಕೆ.ಜಿ. ತೂಗುತ್ತದೆ. ಎಡ ಮುಂಗೈಯಲ್ಲಿ ಸುಟ್ಟ ಗಾಯದ ಆರು ಕಲೆಗಳಿವೆ.

ಅವರ ವಿದ್ಯೆಯ ಬೆಲೆ ಗೊತ್ತಾದದ್ದು ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ. ಹೊಳೆಹೊನ್ನೂರಿನ ಕಡೆ ಭದ್ರೆ ದಡ ಮೀರಿ, ಇಟ್ಟಿಗೆ ಗೂಡೊಂದರ ಕೂಲಿಯಾಳುಗಳು, ಮಗುವೂ ಸೇರಿ ಹನ್ನೊಂದು ಜನ, ಶೆಡ್ಡಿನ ಮಾಡು ಹತ್ತಿ ಕೂತಿದ್ದರು. ದೇವರಾಜ್ ಓಡಿಸುತ್ತಿದ್ದ ಸಣ್ಣ ದೋಣಿಯನ್ನು ಲಾರಿಯಲ್ಲಿ ತರಿಸಲಾಯಿತು. ಹಿಂದಿನ ದಿನವಷ್ಟೇ ಅದರ ಸೆನ್ಸರ್ ಬದಲಿಸಿದ್ದ ವೀರಮ್ಮ, ತಾವೂ ಹತ್ತಿದರು.

ಹನ್ನೊಂದು ಜನರನ್ನೂ ಕೂರಿಸಿಕೊಂಡು ತಿರುಗಿದಾಗ ಮಧ್ಯಾಹ್ನ. ನಡುನೀರಿನಲ್ಲಿ ಮುಳ್ಳು ಏರತೊಡಗಿತು.

"ಹೊಸ ಸೆನ್ಸರ್ ಅಲ್ವಾ ಅಕ್ಕ, ಸುಮ್ನೆ ತೋರಿಸ್ತಿರಬೇಕು. ಹೋಗ್ಬಿಡೋಣ," ಎಂದರು ದೇವರಾಜ್.

"ಇಲ್ಲ. ಒಂದೊಂದೇ ಗೆರೆ ಹತ್ತುತ್ತಾ ಇದೆ. ಆ ಹೊಂಗೆಮರಕ್ಕೆ ಹಗ್ಗ ಹಾಕು. ಇಂಜಿನ್ ನಿಲ್ಸು."

ಪ್ರವಾಹದ ನಡುವೆ ಇಂಜಿನ್ ನಿಲ್ಲಿಸುವುದೆಂದರೆ! ದೋಣಿಯಲ್ಲಿದ್ದವರು ಕೂಗಾಡಿದರು. ಮಗುವನ್ನೆತ್ತಿಕೊಂಡಿದ್ದ ತಾಯಿಯೊಬ್ಬಳು ವೀರಮ್ಮನ ಕಾಲು ಹಿಡಿದಳು. ದೇವರಾಜ್ ಒಮ್ಮೆ ನೀರನ್ನೂ ಒಮ್ಮೆ ವೀರಮ್ಮನನ್ನೂ ನೋಡಿ, ಮುಳುಗಿದ ಮರಕ್ಕೆ ಹಗ್ಗ ಬಿಗಿದು, ಕೀಲಿ ತಿರುಗಿಸಿದರು. ವೀರಮ್ಮ ಇಂಜಿನ್ ತಣಿಸಲು ಹೊಳೆಯ ನೀರೆಳೆಯುವ ಕೊಳವೆಯ ವಾಲ್ವ್ ಮುಚ್ಚಿ, ಕಸ ತಡೆಯುವ ಜಾಲರಿಯ ಮುಚ್ಚಳ ತೆಗೆದರು. ಒಳಗೆ ಹುಲ್ಲು, ಗೊಬ್ಬರ ಚೀಲದ ಚೂರುಗಳು ಒತ್ತಿಕೊಂಡು ಕೂತಿದ್ದವು. ಹಿಡಿಹಿಡಿಯಾಗಿ ಕಿತ್ತು ಎಸೆದರು. ಹದಿನೈದು ನಿಮಿಷ ತಣಿಯಲು ಬಿಟ್ಟು, ವಾಲ್ವ್ ತೆರೆದು ಮತ್ತೆ ಚಾಲೂ ಮಾಡಿದಾಗ ಮುಳ್ಳು ಏರಲಿಲ್ಲ.

"ಹಾಗೇ ಓಡಿಸಿದ್ರೆ ಇಂಜಿನ್ ಜಾಮ್ ಆಗಿ, ಸೆಳೆತಕ್ಕೆ ನೇರ ಕೆಳಗಡೆ ಇರೋ ಸೇತುವೆ ಕಂಬಕ್ಕೆ ಹೋಗಿ ಬಡೀತಿದ್ವಿ ಸಾರ್. ಅಷ್ಟು ಜನ ಕೂಗ್ತಿದ್ರೂ ಅವರು ಜಾಲರಿ ಬಿಟ್ಟು ತಲೆ ಎತ್ಲಿಲ್ಲ," ಎನ್ನುತ್ತಾರೆ ದೇವರಾಜ್.

ಮುಂದಿನ ವಾರ ಸನ್ಮಾನ ನಡೆಯಿತು. ವೇದಿಕೆಗೆ ಕರೆದದ್ದು ಚಾಲಕನನ್ನು ಮಾತ್ರ. ತಮಗೆ ಹೊದಿಸಿದ ಶಾಲನ್ನು ದೇವರಾಜ್ ಹಾಗೇ ಮಡಚಿ, ಸಂಜೆ ಹಳೇ ಪೇಟೆಯ ಅಂಗಡಿಗೆ ತಂದುಕೊಟ್ಟರು. ವೀರಮ್ಮ ತೆಗೆದುಕೊಳ್ಳಲಿಲ್ಲ. "ಹಗ್ಗ ಕಟ್ಟಿದ್ದು ನೀನು. ನನ್ನ ಮಾತು ಕೇಳಿದ್ದೂ ನೀನೇ. ಇಟ್ಕೋ," ಎಂದು ವಾಪಸ್ ಕಳಿಸಿದರು.

ಬೇಸರವಿಲ್ಲವೇ? ಅವರು ನಗುತ್ತಾರೆ. ಬೇಕಿರುವುದು ಬೇರೆಯೇ ಇದೆ.

"ಈ ಹದಿನಾಲ್ಕು ದೋಣಿ ಡ್ರೈವರ್‌ಗಳನ್ನ ಒಂದು ಭಾನುವಾರ ಯಾರಾದ್ರೂ ಒಟ್ಟಿಗೆ ಕೂರಿಸಿಕೊಟ್ರೆ ಸಾಕು ಸಾರ್. ಗೊತ್ತಿರೋದನ್ನೆಲ್ಲ ಹೇಳ್ಕೊಟ್ಟುಬಿಡ್ತೀನಿ. ನಾನು ಹತ್ತದೇ ಇದ್ದ ದಿನಾನೂ ದೋಣಿ ದಡ ಸೇರ್ಬೇಕಲ್ವಾ?"